ಟೆರಾಬೈಟ್ ಅಗ್ಗವಾದ ಬಗೆ

ಮದುವೆ ಮುಗಿದ ಮರುದಿನ ಫೋಟೊ ಸ್ಟುಡಿಯೊದಲ್ಲಿ 100 ಜಿಬಿಯಷ್ಟು ವಿಡಿಯೊವನ್ನು ಕಂಪ್ಯೂಟರಿಗೆ ಕಾಪಿ ಹಾಕುತ್ತಾರೆ. ಎಸ್‌ಎಸ್‌ಡಿ, ಅಂದರೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್, ಹೊಸದು. ಪರದೆಯ ಮೇಲಿನ ಹಸಿರು ಪಟ್ಟಿ ಭರದಿಂದ ಮುಂದೆ ಸಾಗುತ್ತದೆ: ಸೆಕೆಂಡಿಗೆ 500 ಎಂಬಿ, ಇನ್ನು ಮೂರು ನಿಮಿಷ ಬಾಕಿ. ಕಾಫಿ ಕುಡಿದು ಬಂದು ನೋಡಿದರೆ ವೇಗ 80ಕ್ಕೆ ಇಳಿದು ಅಲ್ಲೇ ಕೂತಿದೆ. ಬಾಕಿ ಸಮಯ ಈಗ ಹತ್ತು ನಿಮಿಷ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಹಾರ್ಡ್ ಡಿಸ್ಕೇ ಇದಕ್ಕಿಂತ ಬೇಗ ಬರೆಯುತ್ತಿತ್ತು. ಡ್ರೈವ್ ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ದರೆ, ಅದು ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ಹುಬ್ಬಳ್ಳಿಯ ಯಾವುದೋ ಕಾಂಪ್ಲೆಕ್ಸಾಗಲಿ, ಸಿಗುವ ಉತ್ತರ ಒಂದೇ: "ಕಡಿಮೆ ರೇಟಿಂದು ತಗೊಂಡ್ರೆ ಹಂಗೇ ಸಾರ್."

ಅಂಗಡಿಯವರ ಮಾತು ಸುಳ್ಳಲ್ಲ. ಆದರೆ ಅರ್ಧವೇ ಉತ್ತರ. ಕಡಿಮೆ ರೇಟು ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಸ್ಯಾಮ್‌ಸಂಗ್‌ನ ಒಂದು ಟಿಬಿ ಎಸ್‌ಎಸ್‌ಡಿಯ ಬೆಲೆಯನ್ನೇ ಹಿಡಿದು ನೋಡಬಹುದು. 2013ರಲ್ಲಿ '840 ಇವೊ' ಬಂದಾಗ ಅಮೆರಿಕದಲ್ಲಿ ಅದರ ಘೋಷಿತ ಬೆಲೆ 650 ಡಾಲರ್. 2014ರ ಡಿಸೆಂಬರಿನ '850 ಇವೊ' 500 ಡಾಲರ್. 2018ರ ಜನವರಿಯ '860 ಇವೊ' 330. ಅದೇ ವರ್ಷದ ಕೊನೆಗೆ ಬಂದ '860 ಕ್ಯುವಿಒ' 150. ಐದೂವರೆ ವರ್ಷದಲ್ಲಿ ಬೆಲೆ ಕಾಲು ಭಾಗಕ್ಕೂ ಕೆಳಗಿಳಿಯಿತು. ಇನ್ನೂ ಹಿಂದಕ್ಕೆ ಹೋದರೆ 1991ರಲ್ಲಿ ಸನ್‌ಡಿಸ್ಕ್ ಎಂಬ ಪುಟ್ಟ ಕಂಪನಿ ಐಬಿಎಂಗೆ ಕೊಟ್ಟ ಎಸ್‌ಎಸ್‌ಡಿ ಸಿಗುತ್ತದೆ: 20 ಎಂಬಿ ಜಾಗ, ಸುಮಾರು ಸಾವಿರ ಡಾಲರ್ ಬೆಲೆ. ಈಗಿನ ಮೊಬೈಲಿನ ನಾಲ್ಕೈದು ಫೋಟೊ ತುಂಬಿದರೆ ಆ ಡ್ರೈವ್ ಮುಗಿಯಿತು. ಆ ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಕಂಪನಿ ಮುಂದೆ ಸ್ಯಾನ್‌ಡಿಸ್ಕ್ ಆಯಿತು. ಮೆಹ್ರೋತ್ರಾ ಇನ್ನೊಂದು ಮೆಮೊರಿ ಕಂಪನಿಯಾದ ಮೈಕ್ರಾನ್‌ನ ಮುಖ್ಯಸ್ಥರಾದರು.

ಬೆಲೆ ಇಳಿದಾಗ ಸರಕೂ ಸುಧಾರಿಸಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಎಸ್‌ಎಸ್‌ಡಿಯ ಕಥೆಯಲ್ಲಿ ಆದದ್ದು ಬೇರೆ. ಅದರೊಳಗೆ ಮಾಹಿತಿಯನ್ನು ಹಿಡಿದಿಡುವ ಕೋಶ ಬಹುಕಾಲ ಹದಗೆಡುತ್ತಲೇ ಬಂತು. ಮೊದಮೊದಲ ಕೋಶಗಳು ಲಕ್ಷ ಸಲ ಬರೆದು ಅಳಿಸಿದರೂ ತಡೆಯುತ್ತಿದ್ದವು. 2008ರ ಹೊತ್ತಿಗೆ ಮನೆಬಳಕೆಯ ಡ್ರೈವುಗಳ ಕೋಶಕ್ಕೆ ಹತ್ತು ಸಾವಿರ ಸಲವೆಂದರೆ ಹೆಚ್ಚು. ಆಮೇಲೆ ಅದು ಐದು ಸಾವಿರ, ಮೂರು ಸಾವಿರ, ಕೊನೆಗೆ ಸಾವಿರದ ಆಸುಪಾಸು. ಅಷ್ಟಾದರೂ ಡ್ರೈವುಗಳು ಜನರ ಕೈಯಲ್ಲಿ ಚೆನ್ನಾಗಿಯೇ ನಡೆದವು, ಪೆಟ್ಟಿಗೆಯ ಮೇಲೆ ಪ್ರತಿವರ್ಷ ಹೊಸ ಸೌಲಭ್ಯದ ಹೆಸರು ಅಚ್ಚಾಯಿತು. ಆ ಸೌಲಭ್ಯಗಳಲ್ಲಿ ಬಹುಪಾಲು ಹುಟ್ಟಿದ್ದು ಹಿಂದಿನ ಬೆಲೆ ಇಳಿಕೆ ಮಾಡಿಟ್ಟ ಹಾನಿಯನ್ನು ಸರಿದೂಗಿಸಲು.

ತಂಬಿಗೆಗೆ ಎಷ್ಟು ಗೆರೆ?

ಕೋಶದ ಮೂಲ ಕಲ್ಪನೆ 1967ರದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಾವೊನ್ ಕಾಂಗ್ ಮತ್ತು ಸೈಮನ್ ಝೀ ಎಂಬ ಇಬ್ಬರು, ಸುತ್ತಲೂ ನಿರೋಧಕ ಪದರವಿರುವ ಒಂದು ಪುಟ್ಟ ವಾಹಕದೊಳಗೆ ಎಲೆಕ್ಟ್ರಾನುಗಳನ್ನು ಕೂಡಿಹಾಕಬಹುದೆಂದು ತೋರಿಸಿದರು. ಕರೆಂಟು ಹೋದರೂ ಅವು ಒಳಗೇ ಇರುತ್ತವೆ. ಇಂಥ ಕೋಶಗಳನ್ನು ಸಾಲಾಗಿ ಪೋಣಿಸಿ ಕಡಿಮೆ ಜಾಗದಲ್ಲಿ ಹೆಚ್ಚು ತುಂಬುವ ವಿನ್ಯಾಸವನ್ನು, ಅಂದರೆ ಇಂದು ನ್ಯಾಂಡ್ ಫ್ಲ್ಯಾಶ್ ಎನ್ನುವುದನ್ನು, ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುಓಕ 1987ರಲ್ಲಿ ಮಂಡಿಸಿದರು. ಸುಮಾರು 20 ವೋಲ್ಟಿನ ಒತ್ತಡ ಹಾಕಿದರೆ ಎಲೆಕ್ಟ್ರಾನುಗಳು ನಿರೋಧಕದ ಮೂಲಕವೇ ಒಳಕ್ಕೆ ನುಸುಳುತ್ತವೆ. ಒತ್ತಡವನ್ನು ತಿರುಗಿಸಿದರೆ ಹೊರಕ್ಕೆ. ಹೀಗೆ ನುಸುಳುವಾಗಲೆಲ್ಲ ನಿರೋಧಕಕ್ಕೆ ಒಂದಿಷ್ಟು ಪೆಟ್ಟು. ಸಾವಿರಾರು ಸಲದ ನಂತರ ಅದು ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿಡಲಾರದು. ಎಸ್‌ಎಸ್‌ಡಿ ಸವೆಯುತ್ತದೆ ಎಂದರೆ ಇಷ್ಟೇ.

ಕೋಶವನ್ನು ಒಂದು ತಂಬಿಗೆ ಎಂದುಕೊಳ್ಳಿ, ಎಲೆಕ್ಟ್ರಾನುಗಳನ್ನು ನೀರು ಎಂದು. ತಂಬಿಗೆ ಖಾಲಿಯೋ ತುಂಬಿದೆಯೋ ಎಂದಷ್ಟೇ ಕೇಳಿದರೆ ಕತ್ತಲಲ್ಲಿ ಎತ್ತಿ ನೋಡಿದರೂ ಹೇಳಬಹುದು. ಇದು ಒಂದು ಬಿಟ್, ಎಸ್‌ಎಲ್‌ಸಿ. ಅದೇ ತಂಬಿಗೆಯ ಮಟ್ಟಗಳನ್ನು ನಾಲ್ಕಾಗಿ ವಿಂಗಡಿಸಿದರೆ ಎರಡು ಬಿಟ್ ಹಿಡಿಯುತ್ತದೆ, ಎಂಎಲ್‌ಸಿ. ಎಂಟಾದರೆ ಮೂರು ಬಿಟ್, ಟಿಎಲ್‌ಸಿ. ಹದಿನಾರಾದರೆ ನಾಲ್ಕು, ಕ್ಯುಎಲ್‌ಸಿ. ತಂಬಿಗೆ ದೊಡ್ಡದಾಗಲಿಲ್ಲ, ಹೊಸ ಲೋಹ ಬೇಕಾಗಲಿಲ್ಲ. ಗೆರೆಗಳು ಮಾತ್ರ ಹತ್ತಿರ ಹತ್ತಿರ ಬಂದವು.

ಕಷ್ಟವೂ ಅಲ್ಲೇ. ಗೆರೆ ಹತ್ತಿರವಾದಷ್ಟು ಸುರಿಯುವ ಕೈ ನಿಧಾನವಾಗಬೇಕು: ಸ್ವಲ್ಪ ಸುರಿ, ಮಟ್ಟ ನೋಡು, ಮತ್ತೆ ಸ್ವಲ್ಪ ಸುರಿ. ಕ್ಯುಎಲ್‌ಸಿಯಲ್ಲಿ ಬರವಣಿಗೆ ತಡವಾಗುವುದು ಇದರಿಂದ. ಹಾಗೆಯೇ, ಎರಡೇ ಮಟ್ಟವಿದ್ದಾಗ ನಾಲ್ಕು ಹನಿ ಸೋರಿದರೆ ಯಾರಿಗೂ ತಿಳಿಯುವುದಿಲ್ಲ. ಹದಿನಾರು ಮಟ್ಟವಿದ್ದರೆ ಅಷ್ಟರಲ್ಲೇ ಉತ್ತರ ಬದಲಾಗುತ್ತದೆ. ಲಾಭವನ್ನು ನೋಡಿದರೆ ಅದು ಹೆಜ್ಜೆಹೆಜ್ಜೆಗೂ ಕುಗ್ಗುತ್ತದೆ. ಒಂದು ಬಿಟ್ಟಿನಿಂದ ಎರಡಕ್ಕೆ ಹೋದಾಗ ಜಾಗ ಇಮ್ಮಡಿ. ಎರಡರಿಂದ ಮೂರಕ್ಕೆ ಒಂದೂವರೆಯಷ್ಟು. ಮೂರರಿಂದ ನಾಲ್ಕಕ್ಕೆ ಬರೀ ಮೂರನೆಯ ಒಂದು ಪಾಲು ಹೆಚ್ಚಳ. ಆದರೆ ಗುರುತಿಸಬೇಕಾದ ಮಟ್ಟಗಳ ಸಂಖ್ಯೆ ಮಾತ್ರ ಪ್ರತಿಸಲವೂ ದುಪ್ಪಟ್ಟು.

ಬೆಲೆ ಇಳಿಸುವ ಎರಡನೆಯ ದಾರಿ ಕೋಶವನ್ನೇ ಕಿರಿದಾಗಿಸುವುದು. ಒಂದು ಸಿಲಿಕಾನ್ ಬಿಲ್ಲೆಯನ್ನು ಸಂಸ್ಕರಿಸುವ ಖರ್ಚು ಅದರಲ್ಲಿ ಎಷ್ಟು ಕೋಶಗಳಿವೆ ಎಂಬುದರ ಮೇಲೆ ಅಷ್ಟಾಗಿ ನಿಂತಿಲ್ಲ. ಆದ್ದರಿಂದ ಕೋಶ ಸಣ್ಣದಾದಷ್ಟು ಪ್ರತಿ ಜಿಬಿಯ ಬೆಲೆ ಕಡಿಮೆ. 2008ರಲ್ಲಿ 50 ನ್ಯಾನೊಮೀಟರ್ ಇದ್ದ ಅಳತೆ ಮರುವರ್ಷ 34ಕ್ಕೆ, 2011ಕ್ಕೆ 25ಕ್ಕೆ, ಆಮೇಲೆ 20ರ ಕೆಳಕ್ಕೆ ಬಂತು. ತಂಬಿಗೆ ಸಣ್ಣದಾಯಿತು, ಗೆರೆ ಹೆಚ್ಚಾಯಿತು, ಎರಡೂ ಒಟ್ಟಿಗೆ. ಕೊನೆಕೊನೆಗೆ ಒಂದು ಮಟ್ಟಕ್ಕೂ ಮುಂದಿನ ಮಟ್ಟಕ್ಕೂ ಇದ್ದ ಅಂತರ ಹತ್ತಾರು ಎಲೆಕ್ಟ್ರಾನುಗಳಷ್ಟೇ.

ಒಳಗೊಂದು ಪುಟ್ಟ ಕಂಪ್ಯೂಟರ್

ಫ್ಲ್ಯಾಶ್ ಕೋಶಗಳಿಗೆ ಇನ್ನೊಂದು ಹುಟ್ಟುಗುಣವಿದೆ. ಬರೆಯುವುದು ಒಂದೊಂದು ಪುಟದಂತೆ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಕಟ್ಟನ್ನು. ಮೊದಲು ಬರೆದದ್ದರ ಮೇಲೆ ನೇರವಾಗಿ ತಿದ್ದಿ ಬರೆಯುವಂತಿಲ್ಲ. ಇಂಟೆಲ್‌ನ 2008ರ ಡ್ರೈವಿನಲ್ಲಿ ಪುಟ 4 ಕೆಬಿ, ಕಟ್ಟು 512 ಕೆಬಿ. ಒಂದು ಪುಟ ಬದಲಾಯಿಸಲು ಉಳಿದ 127 ಪುಟಗಳನ್ನು ಏನು ಮಾಡಬೇಕು?

ಇದನ್ನು ನಿಭಾಯಿಸುವುದು ಡ್ರೈವಿನೊಳಗೇ ಇರುವ ನಿಯಂತ್ರಕ, ಕಂಪ್ಯೂಟರ್ ಜನ ಕಂಟ್ರೋಲರ್ ಎನ್ನುವ ಚಿಪ್. ಬದಲಾದ ಪುಟವನ್ನು ಅದು ಬೇರೆ ಖಾಲಿ ಜಾಗದಲ್ಲಿ ಬರೆದು, ಯಾವುದು ಎಲ್ಲಿದೆ ಎಂಬ ವಿಳಾಸಪಟ್ಟಿಯನ್ನು ತಿದ್ದಿಕೊಳ್ಳುತ್ತದೆ. ಬೇಡವಾದ ಪುಟಗಳು ತುಂಬಿದ ಕಟ್ಟುಗಳನ್ನು ಬಿಡುವಿನಲ್ಲಿ ತೆರವು ಮಾಡುತ್ತದೆ. ಯಾವುದೇ ಒಂದು ಕಟ್ಟಿನ ಮೇಲೆ ಹೊರೆ ಹೆಚ್ಚದಂತೆ ಸವೆತವನ್ನು ಎಲ್ಲ ಕಡೆಗೂ ಹಂಚುತ್ತದೆ. ಡ್ರೈವಿಗೆ 256ರ ಬದಲು 250 ಜಿಬಿ ಎಂದು ಹೆಸರು ಬರೆಯುವುದರಲ್ಲೂ ಇದರ ಪಾಲಿದೆ. ಮಿಕ್ಕ ಜಾಗ ನಿಯಂತ್ರಕದ ಓಡಾಟಕ್ಕೆ ಮೀಸಲು.

ನಿಯಂತ್ರಕ ದಡ್ಡನಾದರೆ ಏನಾಗುತ್ತದೆಂದು 2008ರಲ್ಲಿ ಅಗ್ಗದ ಎಸ್‌ಎಸ್‌ಡಿ ಕೊಂಡವರಿಗೆಲ್ಲ ಗೊತ್ತಾಯಿತು. ತೈವಾನಿನ ಜೆಮೈಕ್ರಾನ್ ಕಂಪನಿಯ ಅಗ್ಗದ ನಿಯಂತ್ರಕವಿದ್ದ ಹಲವು ಡ್ರೈವುಗಳಲ್ಲಿ ಸಣ್ಣ ಸಣ್ಣ ಕಡತ ಬರೆಯುವಾಗ ಕಂಪ್ಯೂಟರ್ ನಡುನಡುವೆ ಮರಗಟ್ಟಿ ನಿಲ್ಲುತ್ತಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಟೆಲ್ 'ಎಕ್ಸ್25-ಎಂ' ತಂದಿತು. 80 ಜಿಬಿ, 595 ಡಾಲರ್. ಕೋಶ ಎರಡು ಬಿಟ್ಟಿನ ಎಂಎಲ್‌ಸಿಯೇ, ಆದರೆ ನಿಯಂತ್ರಕ ಹತ್ತು ಕಾಲುವೆಗಳಲ್ಲಿ ಏಕಕಾಲಕ್ಕೆ ಚಿಪ್ಪುಗಳ ಜೊತೆ ವ್ಯವಹರಿಸುತ್ತಿತ್ತು. ಎಲ್ಲೋ ಇರುವ ಒಂದು ತುಣುಕನ್ನು ಹುಡುಕಿ ತರಲು ಹಾರ್ಡ್ ಡಿಸ್ಕಿಗೆ ಹತ್ತು ಮಿಲಿಸೆಕೆಂಡಿನಷ್ಟು ಬೇಕಾದರೆ ಇದಕ್ಕೆ ಸಾಕಾದದ್ದು ಅದರ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಎಸ್‌ಎಸ್‌ಡಿ ಎಂದರೆ ಚಿಪ್ಪುಗಳ ಗುಂಪಲ್ಲ, ನಿಯಂತ್ರಕದ ಜಾಣ್ಮೆ ಎಂಬುದು ಉದ್ಯಮಕ್ಕೆ ಮನವರಿಕೆಯಾದದ್ದು ಆಗಲೇ. ಆ ಜಾಣ್ಮೆಯ ಒಂದು ಪಾಲು ಈಗ ಬೆಂಗಳೂರಿನಲ್ಲೂ ತಯಾರಾಗುತ್ತದೆ. ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್ ಎರಡಕ್ಕೂ ಇಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ.

ಇಂಟೆಲ್‌ನ ಮೂರು ತಲೆಮಾರು

2009ರ ಜುಲೈಯಲ್ಲಿ ಎರಡನೆಯ ತಲೆಮಾರಿನ ಎಕ್ಸ್25-ಎಂ ಬಂತು. 34 ನ್ಯಾನೊಮೀಟರ್ ಕೋಶ, ಅದೇ 80 ಜಿಬಿಗೆ 225 ಡಾಲರ್. ವರ್ಷ ತುಂಬುವುದರೊಳಗೆ ಬೆಲೆಯಲ್ಲಿ 60 ಪ್ರತಿಶತಕ್ಕೂ ಹೆಚ್ಚು ಕಡಿತ. ಈ ತಲೆಮಾರಿಗೆ 'ಟ್ರಿಮ್' ಎಂಬ ಸೌಲಭ್ಯ ಸಿಕ್ಕಿತು, ಹಳೆಯದಕ್ಕೆ ಸಿಗಲಿಲ್ಲ. ಕಡತವೊಂದನ್ನು ಅಳಿಸಿದಾಗ ಆ ಸುದ್ದಿಯನ್ನು ವಿಂಡೋಸ್ 7 ಡ್ರೈವಿಗೆ ತಲುಪಿಸುವ ವ್ಯವಸ್ಥೆ ಅದು. ಅದಕ್ಕೂ ಮೊದಲು, ಯಜಮಾನ ಎಂದೋ ಎಸೆದ ಕಡತವನ್ನೂ ಡ್ರೈವ್ ಜತನದಿಂದ ಅಲ್ಲಿಂದಿಲ್ಲಿಗೆ ಹೊತ್ತು ತಿರುಗುತ್ತಿತ್ತು, ಸುಮ್ಮನೆ ಸವೆಯುತ್ತಿತ್ತು.

2011ರ '320' ಸರಣಿಯಲ್ಲಿ ಕೋಶ 25 ನ್ಯಾನೊಮೀಟರಿಗೆ ಇಳಿಯಿತು. 80 ಜಿಬಿ ಈಗ 159 ಡಾಲರ್. ಕೋಶದ ಬಾಳಿಕೆ ಐದು ಸಾವಿರದಿಂದ ಮೂರು ಸಾವಿರ ಸಲಕ್ಕೆ ಬಿತ್ತು. ಜೊತೆಗೆ ಏನೇನು ಬಂತು ನೋಡಿ: ಒಂದು ಚಿಪ್ಪಿನ ಭಾಗ ಕೆಟ್ಟರೂ ಉಳಿದವುಗಳಿಂದ ಮಾಹಿತಿಯನ್ನು ಮರಳಿ ಕಟ್ಟಲು ಹೆಚ್ಚುವರಿ ಲೆಕ್ಕದ ಜಾಗ, ಕರೆಂಟು ಹಠಾತ್ತನೆ ಹೋದರೆ ಅರ್ಧಕ್ಕೆ ನಿಂತ ಬರಹವನ್ನು ಮುಗಿಸಲು ಪುಟ್ಟ ಕೆಪಾಸಿಟರುಗಳ ಸಾಲು, ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವ ಸವಲತ್ತು, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಮೂರರಿಂದ ಐದು ವರ್ಷಕ್ಕೆ ಏರಿದ ಖಾತರಿ. ಕೋಶ ಬಡವಾಯಿತು, ಕಾವಲು ಬಲವಾಯಿತು.

ಕಾವಲೂ ಎಡವಬಹುದು ಎಂಬುದು ಬೇರೆ ಮಾತು. ಕರೆಂಟು ಹೋದರೂ ಹೆದರಬೇಡಿ ಎಂದು ಕೆಪಾಸಿಟರು ಹೊತ್ತು ಬಂದ ಇದೇ 320ರಲ್ಲಿ, ಕರೆಂಟು ಹೋದ ಮೇಲೆ ಕೆಲವು ಡ್ರೈವುಗಳು ತಮ್ಮ ಗಾತ್ರ ಬರೀ 8 ಎಂಬಿ ಎಂದು ಹೇಳಿಕೊಳ್ಳತೊಡಗಿದವು. ತಪ್ಪು ಇದ್ದದ್ದು ನಿಯಂತ್ರಕದ ತಂತ್ರಾಂಶದಲ್ಲಿ. ಇಂಟೆಲ್ ಆ ವರ್ಷವೇ ತಿದ್ದುಪಡಿ ಕೊಟ್ಟಿತು.

ಹಳೆಯ ಕಡತಕ್ಕೆ ಮರೆವು

ಮೂರು ಬಿಟ್ಟಿನ ಕೋಶವನ್ನು ಸಾಮಾನ್ಯರ ಕಂಪ್ಯೂಟರಿನೊಳಗೆ ದೊಡ್ಡ ಪ್ರಮಾಣದಲ್ಲಿ ಇಳಿಸಿದ್ದು ಸ್ಯಾಮ್‌ಸಂಗ್, 2012ರ '840' ಡ್ರೈವಿನಿಂದ. ಮರುವರ್ಷದ 840 ಇವೊ ಅದನ್ನು 19 ನ್ಯಾನೊಮೀಟರಿಗೆ ಇಳಿಸಿತು. ಟಿಎಲ್‌ಸಿಯ ನಿಧಾನ ಬರವಣಿಗೆಯನ್ನು ಮರೆಮಾಡಲು ಅದರಲ್ಲೊಂದು ಉಪಾಯವಿತ್ತು. ಕೋಶಗಳಲ್ಲಿ ಒಂದಿಷ್ಟನ್ನು ಒಂದೇ ಬಿಟ್ಟಿಗೆ ಬಳಸುವುದು. ಬಂದದ್ದನ್ನೆಲ್ಲ ಮೊದಲು ಅಲ್ಲಿ ಗಡಿಬಿಡಿಯಿಂದ ಬರೆದಿಟ್ಟು, ಬಿಡುವಾದಾಗ ಮೂರು ಬಿಟ್ಟಿನ ಕೋಶಗಳಿಗೆ ಸಾಗಿಸುವುದು. 250 ಜಿಬಿ ಡ್ರೈವಿನಲ್ಲಿ ಈ ಚುರುಕು ಜಾಗ 3 ಜಿಬಿ, ಒಂದು ಟಿಬಿಯದರಲ್ಲಿ 12 ಜಿಬಿ. ಕಂಪನಿ ಇದಕ್ಕೆ 'ಟರ್ಬೊರೈಟ್' ಎಂದು ಹೆಸರಿಟ್ಟು ಪೆಟ್ಟಿಗೆಯ ಮೇಲೆ ಮೆರೆಸಿತು. ದಿನಬಳಕೆಗೆ ಇದು ಭೇಷಾಗಿ ಒಪ್ಪುವ ಏರ್ಪಾಡು. ಒಮ್ಮೆಗೇ 12 ಜಿಬಿ ಬರೆಯುವ ಸಂದರ್ಭ ಹೆಚ್ಚಿನವರಿಗೆ ತಿಂಗಳಿಗೊಮ್ಮೆಯೂ ಬರುವುದಿಲ್ಲ.

ಸಮಸ್ಯೆ ಬೇರೆ ಕಡೆ ಕಾಣಿಸಿಕೊಂಡಿತು. 2014ರಲ್ಲಿ ಬಳಕೆದಾರರು ಒಂದು ವಿಚಿತ್ರವನ್ನು ಗಮನಿಸಿದರು. ಹೊಸದಾಗಿ ಬರೆದ ಕಡತ ಸೆಕೆಂಡಿಗೆ 500 ಎಂಬಿ ವೇಗದಲ್ಲಿ ಓದಿ ಬರುತ್ತದೆ. ಕೆಲವು ತಿಂಗಳ ಹಿಂದೆ ಬರೆದು ಮುಟ್ಟದೆ ಬಿಟ್ಟ ಕಡತ ಮಾತ್ರ ಹತ್ತಾರು ಎಂಬಿಯ ವೇಗದಲ್ಲಿ ತೆವಳುತ್ತದೆ. ಕೋಶಗಳೊಳಗಿನ ಮಟ್ಟ ಕಾಲಕ್ರಮೇಣ ತುಸು ಸರಿದಿತ್ತು. ಯಾವ ಗೆರೆಯ ಹತ್ತಿರ ಇದೆ ಎಂದು ತೀರ್ಮಾನಿಸಲಾಗದೆ ನಿಯಂತ್ರಕ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿತ್ತು. ಸ್ಯಾಮ್‌ಸಂಗ್ ಅಕ್ಟೋಬರಿನಲ್ಲಿ ಒಂದು ತಿದ್ದುಪಡಿ ಕೊಟ್ಟಿತು. ತಿಂಗಳುಗಳು ಕಳೆದ ಮೇಲೆ ನಿಧಾನಗತಿ ಮರಳಿತು. 2015ರಲ್ಲಿ ಎರಡನೆಯ ತಿದ್ದುಪಡಿ: ಡ್ರೈವ್ ಬಿಡುವಾಗಿದ್ದಾಗ ತಾನೇ ಹಳೆಯ ಕಡತಗಳನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಕೋಶ ಮರೆಯದಂತೆ ಮಾಡಲಾಗಲಿಲ್ಲ, ಮರೆಯುವ ಮುಂಚೆ ನೆನಪಿಸುವ ವ್ಯವಸ್ಥೆಯಾಯಿತು. ಖರ್ಚಾದದ್ದು ಒಂದಿಷ್ಟು ಬಾಳಿಕೆ.

ಆ ಹೊತ್ತಿಗೆ ಸವೆತದ ಭಯ ಎಷ್ಟಿತ್ತೆಂದರೆ ಅಮೆರಿಕದ ಟೆಕ್ ರಿಪೋರ್ಟ್ ಜಾಲತಾಣ 2013ರಲ್ಲಿ ಆರು ಡ್ರೈವುಗಳನ್ನು ಕೂರಿಸಿ ಸಾಯುವವರೆಗೂ ಬರೆಯತೊಡಗಿತು. ಒಂದೂವರೆ ವರ್ಷ ಹಿಡಿಯಿತು. ಟಿಎಲ್‌ಸಿಯ 840 ಕೂಡ 900 ಟಿಬಿ ದಾಟಿಯೇ ಕಣ್ಣು ಮುಚ್ಚಿತು. ಎಂಎಲ್‌ಸಿಯ '840 ಪ್ರೊ' 2,400 ಟಿಬಿಯವರೆಗೆ ಎಳೆಯಿತು. ಇಂಟೆಲ್‌ನ ಡ್ರೈವೊಂದು ಕೆಡುವ ಮುಂಚೆಯೇ, ತನ್ನ ಲೆಕ್ಕದ ಆಯಸ್ಸು ಮುಗಿಯಿತೆಂದು 700 ಟಿಬಿ ಹೊತ್ತಿಗೆ ತಾನಾಗಿ ಬಾಗಿಲು ಹಾಕಿಕೊಂಡಿತು. ಮನೆಯ ಕಂಪ್ಯೂಟರಿನಲ್ಲಿ ಅಷ್ಟು ಬರೆಯಲು ದಶಕಗಳು ಬೇಕು.

ಚಿಂತೆ ಮಾಡಬೇಕಾದದ್ದು ಬರೆಯದೆ ಇಡುವ ಡ್ರೈವಿನ ಬಗ್ಗೆ. ಉದ್ಯಮದ ಮಾನದಂಡದ ಪ್ರಕಾರ, ಬಾಳಿಕೆ ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಉಷ್ಣತೆಯಲ್ಲಿ, ಕರೆಂಟಿಲ್ಲದೆ, ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಬಿಸಿ ಹೆಚ್ಚಿದಷ್ಟು ಸೋರಿಕೆ ಹೆಚ್ಚು. ಕಲಬುರಗಿಯ ಮೇ ತಿಂಗಳಲ್ಲಿ ಬೀರುವಿನ ಉಷ್ಣತೆ 30ಕ್ಕೆ ನಿಲ್ಲುವುದಿಲ್ಲ. ಮನೆಮಂದಿಯ ಫೋಟೊಗಳನ್ನು ಹಳೆಯ ಎಸ್‌ಎಸ್‌ಡಿಯಲ್ಲಿ ತುಂಬಿ ವರ್ಷಗಟ್ಟಲೆ ಬೀಗ ಹಾಕಿಡುವುದು ಒಳ್ಳೆಯದಲ್ಲ.

ಮೇಲಕ್ಕೆ ಬೆಳೆದದ್ದು

20 ನ್ಯಾನೊಮೀಟರಿನ ಕೆಳಗೆ ಕೋಶ ಕುಗ್ಗಿಸುವ ಈ ಆಟ ಹೆಚ್ಚು ದೂರ ನಡೆಯಲಾರದೆಂದು ಎಂಜಿನಿಯರುಗಳಿಗೆ ಬಹಳ ಮೊದಲೇ ಗೊತ್ತಿತ್ತು. ತೋಷಿಬಾ 2007ರಲ್ಲೇ ಕೋಶಗಳನ್ನು ಒಂದರ ಮೇಲೊಂದು ಪೇರಿಸುವ ವಿಧಾನ ಮಂಡಿಸಿತ್ತು. ಮಾರುಕಟ್ಟೆಗೆ ಮೊದಲು ತಂದದ್ದು ಸ್ಯಾಮ್‌ಸಂಗ್: 2013ರಲ್ಲಿ 24 ಪದರ, ಮರುವರ್ಷ 32.

ಪೇರಿಸುವುದರಲ್ಲೇ ಅಗ್ಗದ ಗುಟ್ಟಿಲ್ಲ. ಪ್ರತಿ ಪದರಕ್ಕೂ ಬೇರೆಬೇರೆಯಾಗಿ ವಿನ್ಯಾಸ ಕೆತ್ತಿದರೆ ಖರ್ಚು ಪದರದಷ್ಟೇ ಏರುತ್ತದೆ, ಉಳಿಯುವುದೇನೂ ಇಲ್ಲ. ಗುಟ್ಟು ಇರುವುದು ರಂಧ್ರದಲ್ಲಿ. ಎರಡು ಬಗೆಯ ವಸ್ತುಗಳನ್ನು ಒಂದರ ಮೇಲೊಂದು ಹತ್ತಾರು ಸಲ ಲೇಪಿಸುತ್ತಾರೆ. ಲೇಪನ ಅಗ್ಗದ ಕೆಲಸ. ಆಮೇಲೆ ದುಬಾರಿಯಾದ ಕೆತ್ತನೆಯನ್ನು ಒಮ್ಮೆ ಮಾಡಿ, ಮೇಲಿನಿಂದ ತಳದವರೆಗೆ ಕೋಟ್ಯಂತರ ಸೂಕ್ಷ್ಮ ರಂಧ್ರಗಳನ್ನು ಕೊರೆಯುತ್ತಾರೆ. ಪ್ರತಿ ರಂಧ್ರದ ಗೋಡೆಯುದ್ದಕ್ಕೂ, ಪದರಕ್ಕೊಂದರಂತೆ, ಕೋಶಗಳು ಒಂದೇ ಬಾರಿಗೆ ಸಿದ್ಧವಾಗುತ್ತವೆ. ಪದರ ಎರಡು ಪಟ್ಟಾದರೂ ಖರ್ಚು ಎರಡು ಪಟ್ಟಾಗುವುದಿಲ್ಲ.

ಇದರಿಂದ ಅಪರೂಪದ ಬಿಡುವು ಸಿಕ್ಕಿತು. ಎತ್ತರದಲ್ಲಿ ಜಾಗ ಸಿಕ್ಕ ಮೇಲೆ ಅಗಲದಲ್ಲಿ ಜಿಪುಣತನ ಬೇಕಿಲ್ಲ. ಸ್ಯಾಮ್‌ಸಂಗ್ 19ರಿಂದ ಮತ್ತೆ 40 ನ್ಯಾನೊಮೀಟರಿನ ಆಸುಪಾಸಿಗೆ ಮರಳಿತು. ಎಷ್ಟೋ ವರ್ಷಗಳ ನಂತರ ಮೊದಲ ಸಲ ಹೊಸ ಕೋಶ ಹಳೆಯದಕ್ಕಿಂತ ಗಟ್ಟಿಯಾಗಿತ್ತು. 840 ಇವೊಗೆ ಮೂರು ವರ್ಷವಿದ್ದ ಖಾತರಿ 850 ಇವೊದಲ್ಲಿ ಐದಾಯಿತು, '850 ಪ್ರೊ'ಗೆ ಹತ್ತು ವರ್ಷ ಕೊಟ್ಟರು. ಒಂದು ಟಿಬಿಯ 850 ಇವೊದಲ್ಲಿ 150 ಟಿಬಿ ಬರೆಯುವವರೆಗೆ ಖಾತರಿ. 64 ಪದರದ 860 ಇವೊದಲ್ಲಿ 600 ಟಿಬಿ. ಐದು ವರ್ಷ ದಿನಕ್ಕೆ 300 ಜಿಬಿಗೂ ಮಿಕ್ಕಿ ಬರೆದರೂ ಮುಗಿಯದು. ಬೆಲೆ ಮೂರನೆಯ ಒಂದು ಭಾಗ ಇಳಿದಾಗಲೂ ಬಾಳಿಕೆ ನಾಲ್ಕು ಪಟ್ಟು ಏರಿದ್ದು ಈ ಒಂದೇ ಕಾರಣದಿಂದಲ್ಲ, ತಪ್ಪು ತಿದ್ದುವ ಗಣಿತವೂ ಜೊತೆಗಿತ್ತು. ಎಲ್‌ಡಿಪಿಸಿ ಎಂಬ ಆ ಗಣಿತವನ್ನು ರಾಬರ್ಟ್ ಗ್ಯಾಲಗರ್ ಎಂಐಟಿಯಲ್ಲಿ 1960ರ ತಮ್ಮ ಪ್ರಬಂಧದಲ್ಲೇ ಬರೆದಿದ್ದರು. ಅಂದಿನ ಕಂಪ್ಯೂಟರುಗಳಿಗೆ ಅದು ಹೊರಲಾಗದ ಭಾರ. ಮೂವತ್ತು ವರ್ಷ ಹೆಚ್ಚುಕಡಿಮೆ ಯಾರೂ ಅದನ್ನು ತಿರುಗಿ ನೋಡಲಿಲ್ಲ. ಈಗ ಉಗುರಿನಷ್ಟಗಲದ ನಿಯಂತ್ರಕ ಅದನ್ನು ಪ್ರತಿ ಪುಟಕ್ಕೂ ಮಾಡುತ್ತದೆ.

42 ಜಿಬಿಯ ನಂತರ

ಸಿಕ್ಕ ಬಿಡುವನ್ನು ಉದ್ಯಮ ಹಾಗೇ ಬಿಡಲಿಲ್ಲ. ಕೋಶ ಗಟ್ಟಿಯಾಯಿತೇ, ಹಾಗಾದರೆ ನಾಲ್ಕನೆಯ ಬಿಟ್ ತುಂಬೋಣ. ಒಂದು ಟಿಬಿಯ 860 ಕ್ಯುವಿಒದಲ್ಲಿ 6 ಜಿಬಿ ಕಾಯಂ ಚುರುಕು ಜಾಗ. ಡ್ರೈವ್ ಖಾಲಿಯಿದ್ದರೆ ಇನ್ನೂ 36 ಜಿಬಿಯನ್ನು ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತದೆ. ಒಟ್ಟು 42. ಅಲ್ಲಿಯವರೆಗೆ ಬರೆಯುವ ವೇಗ ಸೆಕೆಂಡಿಗೆ 520 ಎಂಬಿ. ಅದು ತುಂಬಿದ ಮೇಲೆ ಹದಿನಾರು ಮಟ್ಟದ ಕೋಶಕ್ಕೆ ನೇರವಾಗಿ ಬರೆಯಬೇಕು: 80 ಎಂಬಿ. ಇದು ಕಂಪನಿಯೇ ಕೊಟ್ಟ ಅಂಕಿ, ಸಣ್ಣಕ್ಷರದಲ್ಲಿ.

ಸ್ಟುಡಿಯೊದ 100 ಜಿಬಿಯನ್ನು ಇದರ ಮೇಲೆ ಹಾಕಿ ಲೆಕ್ಕ ಮಾಡಬಹುದು. ಮೊದಲ 42 ಜಿಬಿಗೆ 80 ಸೆಕೆಂಡು. ಉಳಿದ 58 ಜಿಬಿಗೆ ಹನ್ನೆರಡು ನಿಮಿಷ. ಡ್ರೈವ್ ಆಗಲೇ ಮುಕ್ಕಾಲು ತುಂಬಿದ್ದರೆ ಚುರುಕು ಜಾಗ ಕುಗ್ಗುವುದರಿಂದ ಕುಸಿತ ಇನ್ನೂ ಬೇಗ. ಡ್ರೈವ್ ಕೆಟ್ಟಿಲ್ಲ, ತನ್ನ ನಿಜವಾದ ವೇಗಕ್ಕೆ ಬಂದಿದೆ. ಒಂದರ್ಧ ಗಂಟೆ ಬಿಟ್ಟರೆ ಒಳಗೊಳಗೇ ಸಾಗಣೆ ಮುಗಿಸಿ ಮತ್ತೆ ಚುರುಕಾಗುತ್ತದೆ. ಹಾಡು, ಪತ್ರ, ಬ್ರೌಸರಿನ ಕೆಲಸಕ್ಕೆ ಈ ಡ್ರೈವಿನಲ್ಲಿ ಕುಂದೇನೂ ಕಾಣದು. ಮದುವೆ ಸ್ಟುಡಿಯೊಗೆ ಮಾತ್ರ ಇದು ತಪ್ಪು ಸರಕು.

ಉಳಿತಾಯದ ಇನ್ನೊಂದು ಜಾಗ ನಿಯಂತ್ರಕದ ಪಕ್ಕದ ಡಿರ್ಯಾಮ್ ಚಿಪ್. ವಿಳಾಸಪಟ್ಟಿಯನ್ನು ಇಟ್ಟುಕೊಳ್ಳಲು ಒಂದು ಟಿಬಿಗೆ ಸುಮಾರು ಒಂದು ಜಿಬಿಯಷ್ಟು ಅದು ಬೇಕು. 2021ರ 'ಸ್ಯಾಮ್‌ಸಂಗ್ 980' ಅದನ್ನು ತೆಗೆದೇ ಹಾಕಿತು. ಬದಲಿಗೆ ಕಂಪ್ಯೂಟರಿನ ಸ್ವಂತ ಮೆಮೊರಿಯಿಂದ ಹತ್ತಾರು ಎಂಬಿ ಕಡ ಪಡೆಯುವ ಸೌಲಭ್ಯವನ್ನು ಸೇರಿಸಿತು. ತೆಗೆದದ್ದು ಪೆಟ್ಟಿಗೆಯ ಮೇಲೆ ಕಾಣದು, ಸೇರಿಸಿದ್ದು ಕಾಣುತ್ತದೆ.

ಹೆಸರನ್ನೂ ನಂಬುವಂತಿಲ್ಲ. 2018ರವರೆಗೆ ಸ್ಯಾಮ್‌ಸಂಗ್‌ನಲ್ಲಿ 'ಪ್ರೊ' ಎಂದರೆ ಎರಡು ಬಿಟ್ಟಿನ ಕೋಶ. 2020ರ '980 ಪ್ರೊ' ಮೂರು ಬಿಟ್ಟಿನದು. 2021ರಲ್ಲಿ ವೆಸ್ಟರ್ನ್ ಡಿಜಿಟಲ್‌ನ 'ಎಸ್‌ಎನ್550' ಹೆಸರು ಬದಲಾಗದೆ ಒಳಗಿನ ಚಿಪ್ ಬದಲಾದದ್ದು ಬಯಲಾಯಿತು. ಚುರುಕು ಜಾಗ ತುಂಬಿದ ನಂತರದ ವೇಗ 600ರ ಮೇಲಿದ್ದದ್ದು 400ಕ್ಕಿಂತ ಕೆಳಗಿಳಿದಿತ್ತು. ಇನ್ನು ಮುಂದೆ ಹಾಗೆ ಬದಲಾಯಿಸಿದರೆ ಹೊಸ ಮಾದರಿ ಸಂಖ್ಯೆ ಕೊಡುವುದಾಗಿ ಕಂಪನಿ ಹೇಳಿತು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವೇಗದ ಅಂಕಿ ಬೇರೆಯೇ ಸಂಗತಿ. ಸಾಟಾ ಎಂಬ ಹಳೆಯ ಜೋಡಣೆ 550 ಎಂಬಿ ಸುಮಾರಿಗೆ ಮುಗ್ಗರಿಸುತ್ತದೆ; 850 ಇವೊ, 860 ಇವೊ ಎರಡೂ ಅಲ್ಲೇ ನಿಂತವು. ಎನ್‌ವಿಎಂಇ ಎಂಬ ಹೊಸ ಜೋಡಣೆ ಬಂದ ಮೇಲೆ 2015ರ '950 ಪ್ರೊ' 2,500ಕ್ಕೆ, 980 ಪ್ರೊ 7,000ಕ್ಕೆ, 2025ರ '9100 ಪ್ರೊ' 14,800ಕ್ಕೆ ಹೋದವು. ಹತ್ತಾರು ಚಿಪ್ಪುಗಳಿಂದ ಒಟ್ಟಿಗೆ ಓದಿದಾಗ ಬರುವ ಮೊತ್ತ ಅದು. ಸಣ್ಣ ತುಣುಕುಗಳನ್ನು ಒಂದಾದ ಮೇಲೊಂದು ಓದುವ ಕೆಲಸದಲ್ಲಿ ಒಳ್ಳೆಯ ಡ್ರೈವುಗಳೂ ಸೆಕೆಂಡಿಗೆ 100 ಎಂಬಿಯ ಆಸುಪಾಸಿನಲ್ಲೇ ಇವೆ. ವಿಂಡೋಸ್ ತೆರೆದುಕೊಳ್ಳುವಾಗ ನಡೆಯುವುದು ಹೆಚ್ಚಾಗಿ ಅಂಥದೇ ಓದು. ಹೀಗಾಗಿ ವೇಗದ ಅಂಕಿ ದುಪ್ಪಟ್ಟಾದರೂ ಕುರ್ಚಿಯಲ್ಲಿ ಕೂತವರಿಗೆ ಅಷ್ಟಾಗಿ ತಿಳಿಯುವುದಿಲ್ಲ.

ನಿಲ್ಲಿಸಲಾಗದ ಕಾರ್ಖಾನೆ

ಒಂದು ಲೆಕ್ಕ ಮಾತ್ರ ಹೊಂದಿಕೆಯಾಗುವುದಿಲ್ಲ. ಮೂರು ಬಿಟ್ಟಿನಿಂದ ನಾಲ್ಕಕ್ಕೆ ಹೋದರೆ ಅದೇ ಟಿಬಿಗೆ ಬೇಕಾಗುವ ಕೋಶಗಳು ಕಾಲು ಭಾಗ ಕಡಿಮೆಯಾಗುತ್ತವೆ, ಅಷ್ಟೇ. ಆದರೆ 2018ರ ಜನವರಿಯ 330 ಡಾಲರಿಗೂ ವರ್ಷದ ಕೊನೆಯ 150 ಡಾಲರಿಗೂ ಇರುವ ಅಂತರ ಅರ್ಧಕ್ಕಿಂತ ಹೆಚ್ಚು. ಮಿಕ್ಕದ್ದು ಎಲ್ಲಿಂದ ಬಂತು? ಕ್ಯುವಿಒ ಬಂದಾಗ ಮೂರು ಬಿಟ್ಟಿನ 860 ಇವೊ ಕೂಡ ಪೇಟೆಯಲ್ಲಿ ಇಳಿದಿಳಿದು ಅದರ ಹತ್ತಿರವೇ ಬಂದಿತ್ತು. ಹೀಗಿರುವಾಗ ಕ್ಯುವಿಒವನ್ನೇಕೆ ಕೊಳ್ಳಬೇಕೆಂದು ವಿಮರ್ಶಕರು ಕೇಳಿದ್ದರು. ಸರಿಯಾದ ಪ್ರಶ್ನೆ.

ಉತ್ತರ ಕಾರ್ಖಾನೆಗಳಲ್ಲಿದೆ. ನೂರಾರು ಕೋಟಿ ಡಾಲರ್ ಸುರಿದು ಕಟ್ಟಿದ ಅವು ಹಗಲೂ ರಾತ್ರಿ ನಡೆಯಲೇಬೇಕು, ಒಳಗೆ ಹೋದ ಬಿಲ್ಲೆ ಚಿಪ್ಪಾಗಿ ಹೊರಬರಲು ತಿಂಗಳುಗಳು ಬೇಕು. 2019ರ ಜೂನ್ 15ರಂದು ಜಪಾನಿನ ಯೊಕ್ಕಾಯಿಚಿಯ ಕಾರ್ಖಾನೆಯಲ್ಲಿ 13 ನಿಮಿಷ ಕರೆಂಟು ಹೋದದ್ದಕ್ಕೆ ವೆಸ್ಟರ್ನ್ ಡಿಜಿಟಲ್ ತನ್ನ ಪಾಲಿನ ನಷ್ಟವನ್ನು ಸುಮಾರು 6 ಎಕ್ಸಾಬೈಟ್ ಎಂದು ಅಂದಾಜಿಸಿತು, ಅಂದರೆ ಒಂದು ಟಿಬಿಯ 60 ಲಕ್ಷ ಡ್ರೈವುಗಳಷ್ಟು. ಇಂಥ ಯಂತ್ರವನ್ನು ಬೇಡಿಕೆ ಕುಗ್ಗಿತೆಂದು ನಾಳೆಯಿಂದ ಮುಚ್ಚುವಂತಿಲ್ಲ. ಬೇಡಿಕೆ ಏರಿತೆಂದು ಮುಂದಿನ ತಿಂಗಳಿಂದ ಹೆಚ್ಚಿಸುವಂತೆಯೂ ಇಲ್ಲ. 2016-17ರಲ್ಲಿ ಎಲ್ಲ ಕಂಪನಿಗಳೂ ಹಳೆಯ ಸಾಲುಗಳನ್ನು ಮುಚ್ಚಿ ಪದರದ ಚಿಪ್ಪಿಗೆ ಒಟ್ಟಿಗೇ ಹೊರಳಿದವು, ಸರಕು ಕೊರತೆಯಾಗಿ ಎಸ್‌ಎಸ್‌ಡಿ ಬೆಲೆ ಏರಿತು. 2018ರಲ್ಲಿ ಆ ಹೊಸ ಸಾಲುಗಳೆಲ್ಲ ಒಟ್ಟಿಗೇ ಫಲ ಕೊಟ್ಟವು, ಬೆಲೆ ಬಿತ್ತು. ಕೋವಿಡ್ ಕಾಲದ ಬೇಡಿಕೆಗೆ ಹಿಗ್ಗಿದ ಉತ್ಪಾದನೆ 2023ರಲ್ಲಿ ಗೋದಾಮುಗಳಲ್ಲಿ ಕೊಳೆಯಿತು. ಕಡಿತಕ್ಕೆ ಒಪ್ಪದಿದ್ದ ಸ್ಯಾಮ್‌ಸಂಗ್ ಕೂಡ ಆ ಏಪ್ರಿಲ್‌ನಲ್ಲಿ ಮೆಮೊರಿ ಉತ್ಪಾದನೆ ತಗ್ಗಿಸಿತು. ಹೊಸ ತಲೆಮಾರಿನ ಡ್ರೈವ್ ಯಾವ ಅಲೆಯ ಹೊತ್ತಿಗೆ ಅಂಗಡಿಗೆ ಬಂತೆಂಬುದು ಅದರೊಳಗಿನ ಬಿಟ್ಟುಗಳಷ್ಟೇ ಬೆಲೆಯನ್ನು ತೀರ್ಮಾನಿಸುತ್ತದೆ.

2024ರ ಕೊನೆಗೆ ದಕ್ಷಿಣ ಕೊರಿಯಾದ ಎಸ್‌ಕೆ ಹೈನಿಕ್ಸ್ 321 ಪದರಗಳ ಚಿಪ್ಪನ್ನು ತಯಾರಿಕೆಗೆ ಇಳಿಸಿತು. ಲೆಕ್ಕದ ಪ್ರಕಾರ ಟೆರಾಬೈಟ್ ಇನ್ನೂ ಅಗ್ಗವಾಗಬೇಕಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಆದದ್ದು ತದ್ವಿರುದ್ಧ: ಎಐ ಸರ್ವರುಗಳಿಗಾಗಿ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿ ಬೆಲೆ ಮೇಲೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್, ಬಿಡಿ ಗ್ರಾಹಕರಿಗೆ ಎಸ್‌ಎಸ್‌ಡಿ ಮಾರುತ್ತಿದ್ದ ತನ್ನ 'ಕ್ರೂಶಿಯಲ್' ವ್ಯವಹಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಅಂಗಡಿಗಳಿಗೆ ಸರಬರಾಜು 2026ರ ಫೆಬ್ರುವರಿಯವರೆಗೆ, ಆಮೇಲೆ ಹಳೆಯ ಗಿರಾಕಿಗಳಿಗೆ ಖಾತರಿ ಸೇವೆ ಮಾತ್ರ.